ನಿಮಗಿದು ಗೊತ್ತೆ? ಕಪ್ ತಂದುಕೊಟ್ಟ ಗೋಲು ಡಿಫೆಂಡರ್‌ನದು!

ಬಾಗಲೂರು ಬಳಿಯ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಫುಟ್‌ಬಾಲ್ ಮೈದಾನವೂ ಇದೆ. ಚೆಂಡು ಹಿಡಿದ ಮಕ್ಕಳಿಗೆಲ್ಲ ಸುನಿಲ್ ಛೆಟ್ರಿಯಂತೆ ಗೋಲು ಹೊಡೆಯುವಾಸೆ. ಆದರೆ ಬೆಂಗಳೂರು ಎಫ್‌ಸಿ ಅಭಿಮಾನಿಗಳು ತಂಡಕ್ಕೆ ಯಾರು ಬರಬೇಕೆಂದು ವಾದಕ್ಕೆ ಕೂತರೆ ಮಾತು ಬೇಗ ರಕ್ಷಣಾ ಸಾಲಿಗೆ ಹೊರಳುತ್ತದೆ. ಹೊರಳಲೇಬೇಕು.

2017ರ ಜುಲೈನಲ್ಲಿ ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ, ನಡೆಯಿತು. ಹಳೆಯ ಆಟಗಾರರನ್ನು ಉಳಿಸಿಕೊಂಡ ತಂಡಗಳು ಸರದಿಗೆ ಕಾಯಬೇಕಿತ್ತು. ಅಂದು ಮೊಟ್ಟಮೊದಲು ಆಯ್ಕೆಯಾದವರು ಸ್ಟ್ರೈಕರ್ ಅಲ್ಲ, ಕೇರಳದ ಡಿಫೆಂಡರ್ ಅನಸ್ ಎಡತೊಡಿಕ. ಹೊಸ ತಂಡ ಜಮ್ಶೆಡ್‌ಪುರ 1.10 ಕೋಟಿ ರೂಪಾಯಿಗೆ ಅವರನ್ನು ಪಡೆಯಿತು. ಛೆಟ್ರಿ, ಉದಾಂತ ಸಿಂಗ್ ಇಬ್ಬರನ್ನೂ ಉಳಿಸಿಕೊಂಡಿದ್ದ ಬೆಂಗಳೂರು, ತನ್ನ ಸರದಿ ಬಂದಾಗ ಆರಿಸಿದವರಲ್ಲಿ ಸುಭಾಶಿಷ್ ಬೋಸ್, ರಾಹುಲ್ ಭೇಕೆ ಎಂಬ ಡಿಫೆಂಡರ್‌ಗಳಿದ್ದರು.

2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ, ತವರಿನ ಜನರೆದುರೇ, ಬೆಂಗಳೂರು ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2–3ರಿಂದ ಸೋತಿತು. ಸರಿಯಾಗಿ ವರ್ಷಕ್ಕೆ, ಅದೇ ಮಾರ್ಚ್ 17ರಂದು, ಮುಂಬೈಯಲ್ಲಿ ಮತ್ತೊಂದು ಫೈನಲ್. ಎದುರಾಳಿ ಗೋವಾ. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿ ಮುಗಿಯುತ್ತ ಬಂದಾಗ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ತಲೆ ಕೊಟ್ಟು ಪಂದ್ಯದ ಏಕೈಕ ಗೋಲು ಹೊಡೆದವರು ಅದೇ ರಾಹುಲ್ ಭೇಕೆ. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಟ್ರೋಫಿ ಬಂದದ್ದು ಹೀಗೆ.