ಅಪ್ಪನ ಕನ್ನಡ ಲಿನಕ್ಸ್‌ಗೆ ಬಂದದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಪುಣೆಯ ನಮ್ಮ ಮನೆಯಲ್ಲಿ ಅಪ್ಪ ಬಳಸುವ ಲ್ಯಾಪ್‌ಟಾಪ್ ಗಟ್ಟಿಯಾಗಿಯೇ ಇದೆ. ಆದರೆ ಟಿಪಿಎಂ 2.0 ಇಲ್ಲದ್ದರಿಂದ ವಿಂಡೋಸ್ 11ಕ್ಕೆ ಅರ್ಹವಲ್ಲ. ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಲಿನಕ್ಸ್ ಮಿಂಟ್ ಹಾಕೋಣವೆಂದೆ.

“ನಾನು ಬರ್ದಿರೋದೆಲ್ಲ ಅದ್ರಲ್ಲಿ ಕಾಣುತ್ತೇನೋ?” ಎಂದರು ಅಪ್ಪ.

ಭಯ ಸುಳ್ಳಲ್ಲ. ಹಳೆಯ ನುಡಿ ಕಡತಗಳಲ್ಲಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಅದೇ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತವೆ. ಹಾಗಾಗಿ ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿದೆವು. ಒತ್ತಕ್ಷರಗಳನ್ನು ಅಪ್ಪನೇ ಕೂತು ತಿದ್ದಿದರು. ಮೂಲ ಪ್ರತಿಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿಟ್ಟೆವು. ಇನ್ನೊಂದರಿಂದ ಮಿಂಟ್ ಚಾಲೂ ಮಾಡಿ, ವೈಫೈ, ಪ್ರಿಂಟರ್ ಸರಿಯಿವೆಯೆಂದು ನೋಡಿಕೊಂಡ ಮೇಲೇ ಇನ್‌ಸ್ಟಾಲ್ ಮಾಡಿದೆ.

ಐಬಸ್ ಜೊತೆ ಎಂ17ಎನ್ ಸೇರಿಸಿದರೆ ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಅಪ್ಪನ ಬೆರಳುಗಳು ಹೊಸದೇನೂ ಕಲಿಯಬೇಕಾಗಲಿಲ್ಲ. ವಿಂಡೋಸ್‌ಗೆಂದೇ ಮಾಡಿದ ಲೆಕ್ಕಪತ್ರ ತಂತ್ರಾಂಶ ನೆಚ್ಚಿಕೊಂಡವರು ಮಾತ್ರ ಆತುರಪಡಬೇಡಿ.

ಮೊನ್ನೆ ಅಪ್ಪ ಲಿಬ್ರೆಆಫೀಸ್‌ನಲ್ಲಿ ಊರ ಜಾತ್ರೆಯ ಬಗ್ಗೆ ಎರಡು ಪುಟ ಬರೆದು ನನಗೆ ಓದಲು ಕೊಟ್ಟರು. ನಿಮ್ಮ ಮನೆಯಲ್ಲೂ ಹಿರಿಯರ ನುಡಿ ಕಡತಗಳಿದ್ದರೆ ಮೊದಲು ಅವನ್ನು ಉಳಿಸಿಕೊಳ್ಳಿ. ಲಿನಕ್ಸ್ ಆಮೇಲೆ.