ಒಡೆಯರಪಾಳ್ಯದ ಹಿಮಸಿಂಹ

ದೀಪಾವಳಿಯ ಪಟಾಕಿ ಸದ್ದಡಗಿ ನರಸೀಪುರದ ಬಸ್‌ ನಿಲ್ದಾಣದ ಆಚೆ ಹಗ್ಗ ಕಟ್ಟಿ ಸ್ವೆಟರ್ ನೇತುಹಾಕಿದರೆಂದರೆ ಸೋಸಲೆಯ ನಮಗೆಲ್ಲ ಚಳಿಗಾಲ ಬಂದ ಹಾಗೆ. ಕಾವೇರಿ ಸ್ನಾನಕ್ಕೆ ಹೋಗುವ ವ್ಯಾಸರಾಜ ಮಠದ ಮುದುಕರಿಗೆ ಮಂಕಿ ಕ್ಯಾಪು, ಬೆಳಗಿನ ಜಾವ ಹಾಲು ಹಾಕಲು ಹೋಗುವವರಿಗೆ ಕೈಯಿಲ್ಲದ ಸ್ವೆಟರು, ಬಾಣಂತಿಯರಿಗೆ ಸ್ಕಾರ್ಫು. ಆ ಹಗ್ಗದ ಕೆಳಗೆ ಮಡಿಸುವ ಮಂಚದ ಮೇಲೆ ಕೂರುತ್ತಿದ್ದವರು ಒಬ್ಬ ಟಿಬೆಟಿನ ತಾತ. ಕಣ್ಣಿನ ಸುತ್ತ ಉತ್ತ ಹೊಲದ ಹಾಗೆ ಗೆರೆ, ಒಂದು ಕಿವಿಯಲ್ಲಿ ಪಚ್ಚೆನೀಲಿ ಕಲ್ಲಿನ ಓಲೆ. ಬಾಯಿ ತೆರೆದರೆ ಮಾತ್ರ ಅಪ್ಪಟ ಕೊಳ್ಳೇಗಾಲ. "ಮಾದಪ್ಪನಾಣೆಗೂ ಅಸ್ಲಿಗೇ ಕೊಡ್ತಿವ್ನಿ ಕನಣ್ಣ" ಎಂದು ಅವರು ಆಣೆಯಿಟ್ಟ ಮೇಲೆ ಚೌಕಾಸಿ ಮಾಡಲು ನಮ್ಮೂರಿನವರಿಗೆ ಬಾಯಿ ಬರುತ್ತಿರಲಿಲ್ಲ. ಏಳುಮಲೆಯ ಮಾದಪ್ಪನ ಹೆಸರಿನಲ್ಲಿ ಬೌದ್ಧನೊಬ್ಬ ಸುಳ್ಳು ಹೇಳುತ್ತಾನೆಯೇ?

ಸ್ವೆಟರು ಲೂಧಿಯಾನದ ಕಾರ್ಖಾನೆಯವು. ಅದನ್ನವರು ಮುಚ್ಚಿಡುತ್ತಿರಲಿಲ್ಲ. ನೀವೇ ಹೆಣೆದದ್ದೇ ಎಂದು ಯಾರೋ ಕೇಳಿದ್ದಕ್ಕೆ ತೋಳೊಂದನ್ನು ಹಿಡಿದು ಎಳೆದು, ಅದು ಹಿಂದಕ್ಕೆ ಹೋಗುವುದನ್ನೇ ನೋಡಿ ಮೂಗು ಮುರಿದರು. "ಇದು ಮಿಷನ್ನು ಮಾಡದು. ಕೈಗೆಲ್ಸ ನೋಡ್ಬೇಕಂದ್ರ ನಮ್ ಕ್ಯಾಂಪಿಗೆ ಬಾ."

ಕ್ಯಾಂಪ್ ಎಂದರೆ ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮೇಲೆ ಹೋದರೆ ಸಿಗುವ ಒಡೆಯರಪಾಳ್ಯದ ಧೊಂಡೆನ್‌ಲಿಂಗ್, 1974ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿ. ಸುತ್ತ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡು, ನಡುವೆ ಮುಸುಕಿನ ಜೋಳದ ಹೊಲ. ಊರುಗಳು ದೂರ ದೂರ ಚೆಲ್ಲಿಕೊಂಡಿವೆ. ಮನೆಗಳ ಮೇಲೆ ಐದು ಬಣ್ಣದ ಪ್ರಾರ್ಥನಾ ಬಾವುಟ, ಅಂಗಳದಲ್ಲಿ ಒಣಗಲು ಹರಡಿದ ತೆನೆ, ಬೇಲಿಗೆ ಆನೆಯ ಭಯದಿಂದ ಕಟ್ಟಿದ ಖಾಲಿ ಡಬ್ಬ. ಬೇಸಾಯ, ಸ್ವೆಟರು, ಹಬ್ಬ, ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಮಳೆಗೆ ಜೋಳ ಬಿತ್ತಿ, ಕೊಯ್ದು, ಚಳಿಗೆ ಊರೂರು ಸುತ್ತಿ ಸ್ವೆಟರ್ ಮಾರಿ, ಲೋಸರ್ ಹೊಸ ವರ್ಷದ ಹೊತ್ತಿಗೆ ಮನೆ ಸೇರಬೇಕು.

ನಾನು ಹೋದಾಗ ತಾತನ ಮಗ್ಗ ಮನೆಯ ಹಿಂದಿನ ತಗಡಿನ ಮಾಡಿನಡಿ ಇತ್ತು. ನಮ್ಮ ಕಡೆಯ ಗುಂಡಿಮಗ್ಗದಂತೆ ನೆಲದಲ್ಲಿ ಕಾಲು ಇಳಿಬಿಟ್ಟು ಕೂರುವುದಲ್ಲ; ಗೋಡೆಗೆ ಒರಗಿಸಿದ ಬಾಗಿಲಿನ ಚೌಕಟ್ಟಿನಂತೆ ನೆಟ್ಟಗೆ ನಿಂತದ್ದು. ಹತ್ತಿಯ ಹಾಸುನೂಲು ಮೇಲಿನ ದಿಮ್ಮಿಯಿಂದ ಕೆಳಗಿನ ದಿಮ್ಮಿಗೆ ಸುತ್ತು ಬಂದಿರುತ್ತದೆ. ನೆಯ್ದಷ್ಟೂ ಅದನ್ನು ಹಿಂದಕ್ಕೆ ಜರುಗಿಸುತ್ತಾರೆ, ಹಾಗಾಗಿ ನೇಕಾರ ಎದ್ದು ಕೂತು ಮಾಡಬೇಕಿಲ್ಲ, ಜಮಖಾನವೇ ಅವನ ಮುಂದೆ ತಿರುಗುತ್ತದೆ. ಹಾಸಿನ ಅಡ್ಡಕ್ಕೆ ಒಂದು ಕಬ್ಬಿಣದ ಸಲಾಕೆ. ಉಣ್ಣೆ ದಾರವನ್ನು ಎರಡು ಎಳೆ ಹಾಸಿನ ಹಿಂದೆ ಹಾಯಿಸಿ ಮುಂದೆ ತಂದು ಸಲಾಕೆಗೊಂದು ಸುತ್ತು, ಮತ್ತೆ ಹಿಂದೆ, ಮತ್ತೊಂದು ಸುತ್ತು. ಬಣ್ಣ ಬದಲಾಗುವಲ್ಲಿ ದಾರ ಬದಲಾಯಿಸಬೇಕು. ಸಾಲು ಮುಗಿದ ಮೇಲೆ ಸುತ್ತಿಗೆಯಿಂದ ಸಲಾಕೆಯ ಮೇಲೆ ಟಕ್ ಟಕ್ ಟಕ್. ಆಮೇಲೆ ಚೂರಿ ಹಿಡಿದು ಸಲಾಕೆಯ ಉದ್ದಕ್ಕೂ ಒಂದೇ ಎಳೆತ: ಕುಣಿಕೆಗಳೆಲ್ಲ ಬಾಯಿ ಬಿಟ್ಟು ಮೃದುವಾದ ಉಣ್ಣೆಯ ಪೊದೆಯಾಗಿ ನಿಲ್ಲುತ್ತವೆ. ಪರ್ಷಿಯದವರು ಒಂದೊಂದೇ ಗಂಟು ಹಾಕಿ ಒಂದೊಂದೇ ಕತ್ತರಿಸುವ ಕಡೆ ಟಿಬೆಟಿನವರು ಸಾಲುಸಾಲಾಗಿ ಕತ್ತರಿಸುತ್ತಾರೆ. ಗಂಟು ಅಷ್ಟು ಒತ್ತೊತ್ತಾಗಿರುವುದಿಲ್ಲ, ಆದರೆ ಕೈ ಇಟ್ಟರೆ ಕೈ ಹುದುಗುತ್ತದೆ.

ಚಿತ್ತಾರಕ್ಕೆಂದು ಅವರು ಗ್ರಾಫ್ ಹಾಳೆ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಟಿಬೆಟಿನವರ ಕಥೆಗಳ ಹಿಮಸಿಂಹದ ಬಿಳಿ ಮೈ, ಪಚ್ಚೆನೀಲಿ ಕೇಸರ, ಎತ್ತಿದ ಪಂಜ, ಎಲ್ಲ ಬೆರಳಿನಲ್ಲಿತ್ತು. ಬಲಗೈ ತೋರುಬೆರಳು ಗೆಣ್ಣಿನಲ್ಲಿ ಒಂದು ಕಡೆಗೆ ಬಾಗಿಹೋಗಿತ್ತು, ದಾರ ಎಳೆದೂ ಎಳೆದೂ. ನಾನೂ ಒಂದು ಸಾಲು ಹಾಕುತ್ತೇನೆಂದು ಕೂತು ದಾರ ಜಗ್ಗಿದಾಗ ಮೊಣಕೈಗೆ ಮೆಲ್ಲನೆ ತಟ್ಟಿದರು: "ಅವಸ್ರ ಬ್ಯಾಡ ಕನಪ್ಪ, ದಾರ ಮುನಿಸ್ಕತ್ತದ."

ಅವರು ನೆಯ್ಗೆ ಕಲಿತದ್ದು ಟಿಬೆಟಿನ ಗ್ಯಾಂಟ್ಸೆಯಲ್ಲಿ. ಜಮಖಾನಕ್ಕೆ ಹೆಸರಾದ ಊರು. ಅಲ್ಲಿಂದ ಹೇಸರಗತ್ತೆಗಳ ಮೇಲೆ ಉಣ್ಣೆಯ ಮೂಟೆ ಚುಂಬಿ ಕಣಿವೆಯ ದಾರಿ ಹಿಡಿದು ಕಾಲಿಂಪಾಂಗಿಗೆ ಇಳಿಯುತ್ತಿತ್ತು, ಇತ್ತ ಕಡೆಯಿಂದ ನೀಲಿ ಬಣ್ಣ ಹತ್ತುತ್ತಿತ್ತು. ಸಿಂಹದ ಕೇಸರಕ್ಕೆ ಬೇಕಾದ ನೀಲಿ ನಮ್ಮ ದೇಶದ್ದೇ ಎನ್ನುವುದನ್ನು ಅವರು ಬಹಳ ಸಲ ಹೇಳುತ್ತಿದ್ದರು, ಸಾಲ ತೀರಿಸಿದವರ ದನಿಯಲ್ಲಿ. 1959ರ ಮಾರ್ಚಿನಲ್ಲಿ ದಲಾಯಿ ಲಾಮಾ ಗಡಿ ದಾಟಿದರು. ಬೆನ್ನಿಗೆ ಸಾವಿರಾರು ಜನ. ನೇಕಾರನ ಕೈಗೆ ಸಿಕ್ಕಿದ್ದು ಸುತ್ತಿಗೆಯೇ, ಆದರೆ ಹಿಮಾಲಯದ ರಸ್ತೆಗಳಿಗೆ ಜಲ್ಲಿ ಒಡೆಯುವ ಸುತ್ತಿಗೆ. ಆ ವರ್ಷಗಳ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ನೆಹರೂ ರಾಜ್ಯಗಳನ್ನು ಜಾಗ ಕೇಳಿದಾಗ ಮೈಸೂರು ರಾಜ್ಯ 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊನೆಗೆ ಕೊಳ್ಳೇಗಾಲ. ಚಳಿಯ ನಾಡಿನವರು ಈ ಬಿಸಿಲಿಗೆ ಬಂದು ಕಾಡು ಕಡಿದು ಹೊಲ ಮಾಡಿದರು. ಹುಲ್ಲುಗಾವಲಿನ ಕುರಿಗಾಹಿಗಳಿಗೂ ಪೇಟೆಯ ನೇಕಾರರಿಗೂ ಒಂದೇ ಅಳತೆಯ ಜೋಳದ ಹೊಲ.

ಮಧ್ಯಾಹ್ನಕ್ಕೆ ಬಾರ್ಲಿ ಹುರಿದು ಬೀಸಿದ ತ್ಸಂಪಾ, ಉಪ್ಪು ಹಾಕಿದ ಬೆಣ್ಣೆ ಚಹಾ. ಯಾಕ್ ಎಲ್ಲಿಂದ ಬರಬೇಕು, ನಂದಿನಿ ಬೆಣ್ಣೆ. ಹಿಟ್ಟಿಗೆ ಚಹಾ ಬಿಟ್ಟು ಬಟ್ಟಲಲ್ಲೇ ಬೆರಳಿನಿಂದ ಕಲೆಸಿ ಉಂಡೆ ಮಾಡಿದರು. ನಮ್ಮ ರಾಗಿ ಹುರಿಹಿಟ್ಟು ತಿಂದು ಬೆಳೆದವರಿಗೆ ಅದರಲ್ಲಿ ಹೊಸದೇನೂ ಇಲ್ಲ, ಚಹಾ ಮಾತ್ರ ಒಂದು ಲೋಟಕ್ಕೆ ಸಾಕಾಯಿತು. ಗೋಡೆಯಲ್ಲಿ ದಲಾಯಿ ಲಾಮಾರ ಪಟ, ಪಕ್ಕದಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ ಕ್ಯಾಲೆಂಡರು. ಅದರ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಅವರ ಆರ್‌ಸಿ, ವಿದೇಶೀಯನೆಂದು ನೋಂದಾಯಿಸಿದ ಪುಸ್ತಕ. ಈ ನೆಲದಲ್ಲಿ ಮಗ, ಮೊಮ್ಮಕ್ಕಳು ಹುಟ್ಟಿದ ಮೇಲೂ ಅವಧಿ ಮುಗಿದಾಗಲೆಲ್ಲ ಅದನ್ನು ಹಿಡಿದು ಕಚೇರಿಗೆ ಅಲೆಯಬೇಕು. ಕೊಳ್ಳೇಗಾಲದ ಕನ್ನಡದಲ್ಲಿ ಆಣೆಯಿಡುವ ಮನುಷ್ಯನನ್ನು ವಿದೇಶೀಯನೆಂದು ಕರೆಯಲು ಸರ್ಕಾರಿ ಕಾಗದಕ್ಕೇ ಸಾಧ್ಯ.

ಮೊಮ್ಮಕ್ಕಳಲ್ಲಿ ಯಾರಿಗೂ ಮಗ್ಗ ಬೇಡವಾಗಿತ್ತು. ಒಬ್ಬ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ, ಒಬ್ಬಳು ನರ್ಸಾಗಿ ಟೊರಾಂಟೊದಲ್ಲಿ. ಟಿಬೆಟಿನವರು ಗುಂಪಾಗಿ ನೆಲೆಸಿರುವ ಅಲ್ಲಿನ ಪಾರ್ಕ್‌ಡೇಲ್‌ನಿಂದ ಅವಳು ವಿಡಿಯೋ ಕರೆ ಮಾಡಿದರೆ ತಾತ ಫೋನನ್ನು ಮಗ್ಗದ ಕಡೆ ತಿರುಗಿಸಿಬಿಡುತ್ತಿದ್ದರು, ತಮ್ಮ ಮುಖಕ್ಕಿಂತ ನೋಡತಕ್ಕದ್ದು ಅದೇ ಎನ್ನುವಂತೆ. ಅವರಿಗೆ ಬೇಸರವಿತ್ತೇ? ಇತ್ತು. ಆದರೆ ಪರಂಪರೆ ಅಳಿಯುತ್ತಿದೆ ಎಂದು ನಾವು ಪತ್ರಿಕೆಯವರು ಹಾಡುವ ಚರಮಗೀತೆಯನ್ನು ಅವರ ಬಾಯಿಂದ ನಾನು ಕೇಳಲಿಲ್ಲ. ಮೂರಡಿ ಅಗಲ, ಆರಡಿ ಉದ್ದದ ಒಂದು ಜಮಖಾನಕ್ಕೆ ವಾರಗಟ್ಟಲೆ ಕೂರಬೇಕು; ಬಂದ ಗಿರಾಕಿ ವಾಷಿಂಗ್ ಮಷೀನಿಗೆ ಹಾಕಬಹುದೇ ಎಂದು ಕೇಳುತ್ತಾನೆ. ನರ್ಸಿನ ಸಂಬಳ ಒಳ್ಳೆಯದು ಎಂದು ಅವರೇ ಹೇಳುತ್ತಿದ್ದರು.

ಅವರು ತೀರಿಕೊಂಡಾಗ ಮಗ್ಗದ ಮೇಲೆ ಸಿಂಹ ಕೇಸರದವರೆಗೆ ಬಂದಿತ್ತು. ನಲವತ್ತೊಂಬತ್ತು ದಿನದ ಪೂಜೆ ಮುಗಿಯುವವರೆಗೂ ಯಾರೂ ಮುಟ್ಟಲಿಲ್ಲ. ಮಾರಿಬಿಡೋಣ, ಮಠಕ್ಕೆ ಕೊಡೋಣ ಎಂದು ಮನೆಯವರು ಚರ್ಚಿಸುತ್ತಿರುವಾಗ, ಉಣ್ಣೆ ಸುತ್ತಲು, ಕತ್ತರಿ ಹಿಡಿದು ಅಂಚು ಸವರಲು ಅವರಿಗೆ ಕೂಲಿಗೆ ಬರುತ್ತಿದ್ದ ಪಕ್ಕದ ಹಳ್ಳಿಯ ಹೆಂಗಸು ಒಂದು ಬೆಳಿಗ್ಗೆ ಬಂದು ಸುಮ್ಮನೆ ಕೂತು ಕೆಲಸ ಶುರು ಮಾಡಿದಳು. ಉಳಿದ ಉಣ್ಣೆಯಲ್ಲಿ ನೀಲಿ ಕಡಿಮೆ ಬಿತ್ತು. ಕೇಸರದ ಅರ್ಧಕ್ಕೆ ಕೇಸರಿ, ಹಳದಿ ಹಾಕಿದಳು. ಟೊರಾಂಟೊದಿಂದ ತಕರಾರು ಬಂತು, ಸಿಂಹಕ್ಕೆ ಈ ಬಣ್ಣ ಎಲ್ಲಾದರೂ ಉಂಟೇ? ಫೋನಿಗೆ ಮುಖ ಕೊಟ್ಟು ಅವಳು ಹೇಳಿದ್ದಿಷ್ಟೆ: "ನಿಮ್ ತಾತನ ಸಿಂಹನ ನಾ ಎಲ್ಲಿ ಕಂಡಿದ್ದೆ ತಾಯಿ, ನಂಗ ಗೊತ್ತಿರದು ಮಾದಪ್ಪನ ಹುಲಿ."

ಆ ಜಮಖಾನ ಈಗ ಟೊರಾಂಟೊದಲ್ಲಿದೆ, ತಕರಾರು ಮಾಡಿದವಳ ಮನೆಯಲ್ಲೇ. ಇಲ್ಲಿ ಮಗ್ಗಕ್ಕೆ ಹೊಸ ಹಾಸು ಬಿಗಿದಿದೆ. ಈ ಸಲ ಪೂರ್ತಿ ಹುಲಿ. ಬೆಂಗಳೂರಿನ ಗಿರಾಕಿಯೊಬ್ಬರು ಮುಂಗಡ ಕೊಟ್ಟು ಹೋಗಿದ್ದಾರೆ, ಉಳಿದ ದುಡ್ಡನ್ನು ಮೀಸೆ ಮುಗಿದ ಮೇಲೆ ಕೊಟ್ಟರೆ ಸಾಕಂತೆ.