ಮೊದಲು ರಕ್ತ ನೋಡಿ, ಆಮೇಲೆ ಸೂಜಿ

ಎಮ್ಮೆಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಹಾಲು ಅರ್ಧಕ್ಕಿಳಿದಿದೆ, ಆ್ಯಂಟಿಬಯೋಟಿಕ್ ಹಾಕಿಸಿದರೂ ಗುಣ ಕಾಣುತ್ತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗೋರಂಟ್ಲದ ಸುತ್ತಲಿನ ಹಳ್ಳಿಗಳಿಂದ ಇಂಥ ಫೋನು ಬಂದರೆ ಪಶುವೈದ್ಯನಾದ ನಾನು ಮೊದಲು ಹೇಳುವುದಿಷ್ಟೇ: ನಾನು ಬಂದು ರಕ್ತ ನೋಡುವ ತನಕ ಇನ್ನೊಂದು ಸೂಜಿ ಹಾಕಿಸಬೇಡಿ.

ನನ್ನ ಅನುಮಾನವೆಲ್ಲ ಸರ್ರಾ ರೋಗದ ಮೇಲೆ. ಅದನ್ನು ತರುವುದು ಟ್ರಿಪನೊಸೋಮಾ ಇವಾನ್ಸಿ ಎಂಬ ಏಕಕೋಶ ಜೀವಿ. ಆಫ್ರಿಕಾದಲ್ಲಿ ಮನುಷ್ಯರ ಮಿದುಳಿಗಿಳಿದು, ನಿದ್ದೆಯ ಲಯವನ್ನೇ ಕೆಡಿಸಿ ಕೊಲ್ಲುವ ನಿದ್ರಾರೋಗದ ಪರಾವಲಂಬಿಯೂ ಇದೇ ಕುಲದ್ದು. ಅದು ಟ್ಸೆಟ್ಸೆ ನೊಣದ ಒಡಲಲ್ಲಿ ಬೆಳೆದೇ ಹರಡಬೇಕು. ಆ ನೊಣ ಇಲ್ಲದ ಸೀಮೆಯಲ್ಲಿ ಅದು ಹಬ್ಬುವುದಿಲ್ಲ. ಇವಾನ್ಸಿಗೆ ಆ ಹಂಗಿಲ್ಲ. ರೋಗದ ದನದ ರಕ್ತ ಹೀರುತ್ತಿದ್ದ ಕುದುರೆನೊಣ ಬಾಲದ ಏಟಿಗೆ ಎದ್ದು ಪಕ್ಕದ ದನದ ಮೇಲೆ ಕೂತರೆ ಸಾಕು, ಬಾಯಿಗಂಟಿದ ರಕ್ತದಲ್ಲೇ ರೋಗ ದಾಟುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಇದನ್ನು ಕಂಡದ್ದು ಅಂದಿನ ಭಾರತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ.

ಪತ್ತೆಗೆ ಬೇಕಾದ್ದು ಸೂಕ್ಷ್ಮದರ್ಶಕ ಮತ್ತು ತಾಳ್ಮೆ. ಜ್ವರ ಏರಿರುವಾಗಲೇ ಕಿವಿಯ ಅಂಚಿನ ರಕ್ತನಾಳ ಚುಚ್ಚಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮುಚ್ಚಬೇಕು. ರಕ್ತ ಹಸಿಯಾಗಿರುವಾಗಲೇ ನೋಡಬೇಕು. ಮೊದಲು ಕಾಣುವುದು ಪರಾವಲಂಬಿಯಲ್ಲ. ಸುಮ್ಮನಿರಬೇಕಾದ ಕೆಂಪುಕಣಗಳು ಒಂದು ಮೂಲೆಯಲ್ಲಿ ಅಲುಗಾಡುತ್ತಿರುತ್ತವೆ. ಅಲ್ಲಿ ಕಣ್ಣು ನೆಟ್ಟರೆ ಅವನ್ನು ತಳ್ಳುತ್ತ ನುಲಿಯುವ ತೆಳ್ಳನೆಯ ಜೀವಿ ಸಿಗುತ್ತದೆ. ಸಿಗದಿದ್ದರೆ ರೋಗವಿಲ್ಲ ಎನ್ನುವಂತಿಲ್ಲ. ವೇಷ ಬದಲಿಸುವ ಕಳ್ಳನಂತೆ ಇದು ತನ್ನ ಹೊರಕವಚದ ಪ್ರೋಟೀನನ್ನು ಬದಲಿಸುತ್ತಲೇ ಇರುತ್ತದೆ. ದೇಹ ಒಂದು ರೂಪವನ್ನು ಗುರುತಿಸಿ ಕೊಲ್ಲುವಷ್ಟರಲ್ಲಿ ಇನ್ನೊಂದು ಹೆಚ್ಚಿಕೊಂಡಿರುತ್ತದೆ. ಜ್ವರ ಬಿಟ್ಟು ಬಿಟ್ಟು ಬರುವುದು ಇದಕ್ಕೇ. ಆದ್ದರಿಂದ ಮರುದಿನ ಮತ್ತೆ ನೋಡಬೇಕು, ಅನುಮಾನ ಉಳಿದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಎಂದೇ ಕರೆಯುವ ರಾಷ್ಟ್ರೀಯ ಪಶುವೈದ್ಯಕೀಯ ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ ಇದೇ ರೋಗದ ಮೇಲೆ ಕೆಲಸ ಮಾಡುತ್ತಿದೆ.

'ಇದು ನಮಗೂ ಬರುತ್ತದಾ ಸಾರ್?' ಎಂದು ಹಾಲು ಕರೆಯುವ ಹೆಂಗಸರು ಕೇಳುತ್ತಾರೆ. ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ರಕ್ತದಲ್ಲಿರುವ ಎಪಿಒಎಲ್1 ಎಂಬ ಪ್ರೋಟೀನು ಇದನ್ನು ಕೊಲ್ಲುತ್ತದೆ. ಆದರೆ 2004ರಲ್ಲಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರೈತರೊಬ್ಬರ ರಕ್ತದಲ್ಲಿ ಇವಾನ್ಸಿ ಸಿಕ್ಕಿತು. ಪರೀಕ್ಷಿಸಿದಾಗ ಅವರಿಗೆ ಕೆಲಸ ಮಾಡುವ ಆ ಪ್ರೋಟೀನೇ ಇರಲಿಲ್ಲ. ಸುರಾಮಿನ್ ಕೊಟ್ಟ ಮೇಲೆ ಅವರು ಗುಣವಾದರು. ಮುಂದೆ ವಿಯೆಟ್ನಾಂನಲ್ಲಿ ಆ ಪ್ರೋಟೀನು ಸರಿಯಾಗಿದ್ದ ಮಹಿಳೆಯಲ್ಲೂ ಸೋಂಕು ಕಂಡಿತು. ಹೆದರಬೇಕಿಲ್ಲ. ಆದರೆ ದನದ ರಕ್ತ ಮುಟ್ಟುವಾಗ ಕೈಯಲ್ಲಿ ಗಾಯವಿದ್ದರೆ ಕೈಗವಸು ಇರಲಿ.

ಆಫ್ರಿಕಾ ನಿದ್ರಾರೋಗವನ್ನು ಮಣಿಸಿದ ಬಗೆ ನೋಡಿ. 1998ರಲ್ಲಿ ವರದಿಯಾದದ್ದು ಸುಮಾರು 40,000 ಪ್ರಕರಣ. 2018ಕ್ಕೆ ಅದು ಸಾವಿರಕ್ಕಿಂತ ಕೆಳಗಿಳಿಯಿತು. ತಪಾಸಣಾ ತಂಡಗಳು ಸೂಕ್ಷ್ಮದರ್ಶಕ ಹೊತ್ತು ಹಳ್ಳಿಗಳಿಗೇ ಹೋಗಿ ರಕ್ತ ನೋಡಿದವು, ಸೋಂಕಿತರಿಗೆ ಚಿಕಿತ್ಸೆ ಕೊಟ್ಟವು. ನದಿದಂಡೆಗಳಲ್ಲಿ ಕೀಟನಾಶಕ ಸವರಿದ ನೀಲಿ ಬಟ್ಟೆ ನೆಟ್ಟು ನೊಣ ಕೊಂದರು. ರೋಗಿಗಳನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಆರ್ಸೆನಿಕ್ ಮದ್ದು ಹಿಂದೆ ಸರಿದು, ಹತ್ತು ದಿನ ನುಂಗುವ ಫೆಕ್ಸಿನಿಡಜೋಲ್ ಮಾತ್ರೆಯೂ ಬಂತು. ಇಷ್ಟಕ್ಕೂ ಬುನಾದಿ, ಹುಡುಕಿಕೊಂಡು ಹೋಗಿ ರಕ್ತ ನೋಡಿದ್ದು.

ನಮ್ಮಲ್ಲಿ ಆಗಬೇಕಾದ್ದೂ ಅದೇ. ಹಿಂದೂಪುರ, ಬಾಗೇಪಲ್ಲಿ, ಗೌರಿಬಿದನೂರುಗಳ ನಡುವೆ ದನ ಕೈ ಬದಲಾಗುವಾಗ ರಾಜ್ಯದ ಗಡಿ ಯಾರಿಗೂ ನೆನಪಿರುವುದಿಲ್ಲ. ನೋಡಲು ಗಟ್ಟಿಮುಟ್ಟಾಗಿರುವ ಎಮ್ಮೆಯ ರಕ್ತದಲ್ಲೂ ಸರ್ರಾ ಅಡಗಿರಬಹುದು. ಹೊಸ ದನ ತಂದರೆ ರಕ್ತ ಪರೀಕ್ಷೆಯಾಗುವ ತನಕ ಬೇರೆ ಕಟ್ಟಿ. ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಹಾಕಿ, ಸಂಜೆ ಹೊಗೆ ಹಾಕಿ. ಒಂದೇ ಸೂಜಿಯನ್ನು ಹತ್ತು ದನಕ್ಕೆ ಚುಚ್ಚಲು ಬಿಡಬೇಡಿ; ನೊಣ ಮಾಡುವ ಕೆಲಸವನ್ನು ಆ ಸೂಜಿಯೂ ಮಾಡುತ್ತದೆ. ಕ್ವಿನಾಪಿರಮಿನ್, ಡಿಮಿನಜೀನ್‌ನಂಥ ಒಳ್ಳೆಯ ಮದ್ದುಗಳಿವೆ, ಆದರೆ ದನದ ತೂಕಕ್ಕೆ ತಕ್ಕಷ್ಟು ಕೊಡಬೇಕು. ದುಡ್ಡು ಉಳಿಸಲು ಅರ್ಧ ಪ್ರಮಾಣ ಕೊಟ್ಟರೆ ಉಳಿದ ಪರಾವಲಂಬಿ ಮದ್ದಿಗೆ ಬಗ್ಗದಂತಾಗುತ್ತದೆ.

ಪ್ರತಿ ಪಶು ಆಸ್ಪತ್ರೆಯಲ್ಲೂ ಸೂಕ್ಷ್ಮದರ್ಶಕ ಮೇಜಿನ ಮೇಲಿರಬೇಕು, ದಿನವೂ ಬಳಕೆಯಾಗಬೇಕು. ಇದನ್ನು ಸರ್ಕಾರ ಮಾಡಬೇಕು. ನೀವು ಮಾಡಬೇಕಾದ್ದು ಒಂದಿದೆ. ಜ್ವರದ ದನಕ್ಕೆ ಯಾರೇ ಸೂಜಿ ಎತ್ತಿದರೂ 'ರಕ್ತ ನೋಡಿದಿರಾ?' ಎಂದು ಕೇಳಿ. ನಾನು ಬಂದಾಗ ನನ್ನನ್ನೂ ಕೇಳಿ.